ಪ್ಲಗ್ಗಿಗೆ ಸಿಕ್ಕಿಸುವ ಸೌರವಿದ್ಯುತ್ತು: ಸುರಕ್ಷಿತವೇ, ಕಾನೂನುಸಮ್ಮತವೇ?



ದಾವಣಗೆರೆಯ ಹಿರಿಯ ಚಂದಾದಾರರೊಬ್ಬರಿಂದ ಕಳೆದ ತಿಂಗಳು ನಮಗೊಂದು ಪತ್ರ ಬಂದಿತು. ಅವರು ನಿವೃತ್ತ ಉಪಾಧ್ಯಾಯರು. ಮಗ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಇಂಜಿನಿಯರ್. ಅಲ್ಲಿಯ ಬಾಡಿಗೆ ಮನೆಯ ಬಾಲ್ಕನಿ ಕಂಬಿಗೆ ಆತ ಎರಡು ಸೌರ ಫಲಕಗಳನ್ನು ಬಿಗಿದು, ಅವುಗಳಿಂದ ಬಂದ ತಂತಿಯ ಪ್ಲಗ್ಗನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದ್ದಾನಂತೆ. ಅಷ್ಟರಿಂದಲೇ ಹಗಲು ಹೊತ್ತು ಫ್ರಿಜ್ಜು ಮೊದಲಾದವುಗಳ ಖರ್ಚು ಬಹುಪಾಲು ಬಿಸಿಲಿನಿಂದಲೇ ತೀರುತ್ತದೆಯಂತೆ. ಬರುವ ರಜೆಗೆ ಊರಿಗೆ ಬರುವಾಗ ಅಂಥದೇ ಒಂದು ಇನ್ವರ್ಟರನ್ನು ಪೆಟ್ಟಿಗೆಯಲ್ಲಿ ತರುವುದಾಗಿಯೂ, ಫಲಕಗಳನ್ನು ಇಲ್ಲಿಯೇ ಕೊಳ್ಳಬಹುದೆಂದೂ ಅವನು ಹೇಳಿದ್ದಾನೆ. “ಯಾರನ್ನೂ ಕೇಳುವ ಅಗತ್ಯವಿಲ್ಲ ಅಪ್ಪಾಜಿ, ಸಿಕ್ಕಿಸಿದರಾಯಿತು” ಎಂಬುದು ಅವನ ಮಾತು.

ಹಿರಿಯರ ಮನಸ್ಸು ಮಾತ್ರ ಒಪ್ಪಿಲ್ಲ. ಅವರು ಬರೆದಿರುವುದು ಹೀಗೆ: “ನಮ್ಮ ಬೀದಿಯ ಕಂಬ ಹತ್ತುವ ಪವರ್‌ಮ್ಯಾನ್ ಹುಡುಗ ನನ್ನ ಕೈಯಲ್ಲಿ ಓದಿದವನು. ಕರೆಂಟು ತೆಗೆದು ಅವನು ಮೇಲೆ ಕೆಲಸ ಮಾಡುತ್ತಿರುವಾಗ ನಮ್ಮ ಮನೆಯಿಂದ ಹೊರಟ ವಿದ್ಯುತ್ತು ಅವನಿಗೆ ತಗುಲಿದರೆ ಗತಿಯೇನು? ಮಗನನ್ನು ಕೇಳಿದರೆ ಹಾಗಾಗುವುದಿಲ್ಲ ಎನ್ನುತ್ತಾನೆ. ತಾವು ವಿಚಾರಿಸಿ ತಿಳಿಸಬೇಕು.”

ಈ ಪ್ರಶ್ನೆ ಒಬ್ಬರದಲ್ಲ. ನಮ್ಮ ಅನೇಕ ಕುಟುಂಬಗಳ ಮಕ್ಕಳು ಇಂದು ಹೊರನಾಡಿನಲ್ಲಿದ್ದಾರೆ. ಅಲ್ಲಿ ಕಂಡ ಒಳ್ಳೆಯದನ್ನು ತಂದೆತಾಯಿಗಳ ಮನೆಗೂ ತರಬೇಕೆಂಬ ಅವರ ಆಸೆ ಮೆಚ್ಚತಕ್ಕದ್ದೇ. ಆದರೆ ಒಂದು ದೇಶದಲ್ಲಿ ಸುರಕ್ಷಿತವಾದುದು ಇನ್ನೊಂದು ದೇಶದಲ್ಲಿಯೂ ಹಾಗೆಯೇ ಇರಬೇಕಾದರೆ ಅದರ ಹಿಂದಿರುವ ಏರ್ಪಾಡೂ ಜೊತೆಗೆ ಬರಬೇಕು. ಆದುದರಿಂದ ಈ ಸಂಚಿಕೆಯಲ್ಲಿ ಇದನ್ನು ಸ್ವಲ್ಪ ವಿವರವಾಗಿಯೇ ವಿಚಾರ ಮಾಡೋಣ.

ಇದು ಕೆಲಸ ಮಾಡುವ ಬಗೆ

ಸೌರ ಫಲಕದಿಂದ ಬರುವುದು ಒಂದೇ ದಿಕ್ಕಿಗೆ ಹರಿಯುವ ಡಿ.ಸಿ. ವಿದ್ಯುತ್ತು. ಮನೆಯ ತಂತಿಯಲ್ಲಿರುವುದು 230 ವೋಲ್ಟಿನ, ಸೆಕೆಂಡಿಗೆ 50 ಆವರ್ತನೆಯ ಎ.ಸಿ. ವಿದ್ಯುತ್ತು. ಇವೆರಡರ ನಡುವೆ ಒಂದು ಸಣ್ಣ ಇನ್ವರ್ಟರ್ ಇರುತ್ತದೆ. ಅದು ಮೊದಲು ಸಾಕೆಟ್ಟಿನಲ್ಲಿರುವ ವಿದ್ಯುತ್ತಿನ ಲಯವನ್ನು ಗಮನಿಸಿ, ಅದಕ್ಕೆ ಸರಿಹೊಂದುವಂತೆ ತನ್ನ ವಿದ್ಯುತ್ತನ್ನು ಮನೆಯ ತಂತಿಯೊಳಕ್ಕೆ ತಳ್ಳುತ್ತದೆ. ಮನೆಯಲ್ಲಿ ಆ ಹೊತ್ತಿಗೆ ಓಡುತ್ತಿರುವ ಫ್ರಿಜ್ಜು, ಫ್ಯಾನು, ದೀಪಗಳು ಈ ವಿದ್ಯುತ್ತನ್ನು ಮೊದಲು ಬಳಸಿಕೊಳ್ಳುತ್ತವೆ. ಸಾಲದಷ್ಟು ಮಾತ್ರ ಮೀಟರಿನ ಮೂಲಕ ಹೊರಗಿನಿಂದ ಬರುತ್ತದೆ. ಮನೆಯ ಖರ್ಚಿಗಿಂತ ಬಿಸಿಲಿನ ಉತ್ಪತ್ತಿ ಹೆಚ್ಚಾದರೆ, ಉಳಿದದ್ದು ಮೀಟರನ್ನು ದಾಟಿ ಬೀದಿಯ ತಂತಿಗೆ ಹೋಗುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮೊದಲನೆಯದು, ಸಾಮಾನ್ಯ ಉಪಕರಣಗಳು ಸಾಕೆಟ್ಟಿನಿಂದ ವಿದ್ಯುತ್ತನ್ನು ಪಡೆಯುತ್ತವೆ; ಇದು ಸಾಕೆಟ್ಟಿಗೆ ವಿದ್ಯುತ್ತನ್ನು ಕೊಡುತ್ತದೆ. ಎರಡನೆಯದು, ಹೊರಗಿನ ಕರೆಂಟು ನಿಂತರೆ ಇದೂ ನಿಲ್ಲಬೇಕು. ನಿಲ್ಲುವಂತೆಯೇ ಇದನ್ನು ಮಾಡಿರುತ್ತಾರೆ. ಆದುದರಿಂದ ಕರೆಂಟು ಹೋದಾಗ ಇದರಿಂದ ದೀಪ ಉರಿಯುತ್ತದೆಂದು ಭಾವಿಸಿ ಕೊಳ್ಳುವವರು ನಿರಾಶರಾಗುವುದು ಖಂಡಿತ.

ಜರ್ಮನಿ ಒಪ್ಪಿದ್ದು ಹೇಗೆ?

ಜರ್ಮನಿಯಲ್ಲಿ ಇದನ್ನು ‘ಬಾಲ್ಕನಿ ವಿದ್ಯುದಾಗಾರ’ ಎಂದು ಕರೆಯುತ್ತಾರೆ. ಯಾರು ಬೇಕಾದರೂ ಹೇಗೆ ಬೇಕಾದರೂ ಸಿಕ್ಕಿಸಲಿ ಎಂದು ಆ ದೇಶ ಒಂದೇ ದಿನದಲ್ಲಿ ಒಪ್ಪಿದ್ದಲ್ಲ. 2018ರಲ್ಲಿ ಅಲ್ಲಿಯ ವಿದ್ಯುತ್ ತಾಂತ್ರಿಕ ನಿಯಮಾವಳಿ ಮೊದಲ ಬಾರಿಗೆ ಮನೆಯ ಸರ್ಕೀಟಿಗೆ ಪ್ಲಗ್ಗಿನ ಮೂಲಕ ಸೌರವಿದ್ಯುತ್ತನ್ನು ಸೇರಿಸುವ ದಾರಿ ತೆರೆಯಿತು. ಆಗ ಅದಕ್ಕೆ ಸಾಮಾನ್ಯ ಸಾಕೆಟ್ಟಲ್ಲದೆ ಬೇರೆಯೇ ಬಗೆಯ ಸಾಕೆಟ್ಟು ಬೇಕೆಂದಿತ್ತು. ಇನ್ವರ್ಟರಿನ ಮಿತಿ 600 ವ್ಯಾಟ್ ಇತ್ತು. 2023ರ ಜನವರಿಯಿಂದ ಸರ್ಕಾರ ಇಂಥ ಉಪಕರಣಗಳ ಮೇಲಿನ ಮಾರಾಟ ತೆರಿಗೆಯನ್ನು ಸೊನ್ನೆಗೆ ಇಳಿಸಿತು. ಅದೇ ತಿಂಗಳು ಅಲ್ಲಿಯ ವಿದ್ಯುತ್ ಇಂಜಿನಿಯರುಗಳ ಸಂಸ್ಥೆಯಾದ ವಿ.ಡಿ.ಇ., ಮಿತಿಯನ್ನು 800 ವ್ಯಾಟಿಗೆ ಏರಿಸಿ ಸಾಮಾನ್ಯ ಪ್ಲಗ್ಗನ್ನೂ ಒಪ್ಪಬಹುದೆಂದು ಸಲಹೆ ಕೊಟ್ಟಿತು. 2024ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕಾನೂನು, ಫಲಕಗಳು ಒಟ್ಟು 2,000 ವ್ಯಾಟಿನವರೆಗೆ ಇರಬಹುದು, ಇನ್ವರ್ಟರು ಹೊರಕ್ಕೆ ಕೊಡುವುದು ಮಾತ್ರ 800 ವೋಲ್ಟ್‌ಆಂಪಿಯರನ್ನು ಮೀರಬಾರದು ಎಂದು ಗೊತ್ತುಮಾಡಿತು. ವಿದ್ಯುತ್ ಕಂಪನಿಯ ಅನುಮತಿಗಾಗಿ ಕಾಯಬೇಕಾದ ಹೊರೆಯನ್ನು ತೆಗೆದರೂ, ಅಳವಡಿಸಿದ ಒಂದು ತಿಂಗಳೊಳಗೆ ದೇಶದ ಕೇಂದ್ರ ದಾಖಲೆಯಲ್ಲಿ ನೋಂದಾಯಿಸುವ ಕರ್ತವ್ಯವನ್ನು ಉಳಿಸಿಕೊಂಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಮತ್ತೊಂದು ಕಾನೂನಿನಿಂದ, ಬಾಡಿಗೆದಾರ ಕೇಳಿದರೆ ಮನೆಯ ಮಾಲೀಕ ಸಕಾರಣವಿಲ್ಲದೆ ನಿರಾಕರಿಸುವಂತಿಲ್ಲ. ಕೇಳುವುದನ್ನು ಮಾತ್ರ ಬಿಡುವಂತಿಲ್ಲ. 2025ರ ಮಧ್ಯಭಾಗಕ್ಕೆ ಇಂಥ ನೋಂದಣಿಗಳು ಹತ್ತು ಲಕ್ಷವನ್ನು ದಾಟಿದವು.

ನೆರೆಯ ಬೆಲ್ಜಿಯಂ ದೇಶ ಬಹುಕಾಲ ಇದನ್ನು ನಿಷೇಧಿಸಿ, 2025ರ ಏಪ್ರಿಲಿನಲ್ಲಿ ಮಾತ್ರ ಒಪ್ಪಿತು. ಅಮೆರಿಕದಲ್ಲಿ ಯೂಟಾ ರಾಜ್ಯ 2025ರಲ್ಲಿ 1,200 ವ್ಯಾಟಿನವರೆಗಿನ ಉಪಕರಣಗಳಿಗೆ ವಿದ್ಯುತ್ ಕಂಪನಿಯೊಡನೆ ಒಪ್ಪಂದ ಬೇಡವೆಂದು ಕಾನೂನು ಮಾಡಿತಾದರೂ, ಉಪಕರಣಕ್ಕೆ ಸುರಕ್ಷತಾ ಪ್ರಮಾಣಪತ್ರ ಇರಲೇಬೇಕೆಂದು ವಿಧಿಸಿತು.

ಸ್ಟುಟ್‌ಗಾರ್ಟಿನ ಆ ತರುಣ “ಯಾರನ್ನೂ ಕೇಳುವ ಅಗತ್ಯವಿಲ್ಲ” ಎಂದದ್ದು ಈ ಅರ್ಥದಲ್ಲಿ ಅರ್ಧ ಮಾತ್ರ ನಿಜ. ಅವನು ಕೇಳಬೇಕಾದುದನ್ನು ಅವನ ಪರವಾಗಿ ಇಂಜಿನಿಯರುಗಳೂ ಶಾಸಕರೂ ಆರೇಳು ವರ್ಷ ಕುಳಿತು ಕೇಳಿ ಮುಗಿಸಿದ್ದಾರೆ. ಉಪಕರಣ ಹೇಗಿರಬೇಕು, ಎಷ್ಟು ಶಕ್ತಿಯದಾಗಿರಬೇಕು, ಮೀಟರು ಯಾವುದಿರಬೇಕು ಎಂಬುದೆಲ್ಲ ಅಲ್ಲಿ ತೀರ್ಮಾನವಾಗಿದೆ. ಆ ತೀರ್ಮಾನಗಳು ಪೆಟ್ಟಿಗೆಯಲ್ಲಿ ಹಾಕಿಕೊಂಡು ಬರುವಂಥವಲ್ಲ.

ಅಪಾಯ ಎಲ್ಲಿದೆ?

ಮೊದಲು ಪ್ಲಗ್ಗಿನ ವಿಚಾರ. ಕೊಡುವ ಉಪಕರಣದ ಪ್ಲಗ್ಗನ್ನು ಕಿತ್ತರೆ ಅದರ ಬರಿಯ ಪಿನ್ನುಗಳಲ್ಲಿ ವಿದ್ಯುತ್ತು ಇರುವುದಿಲ್ಲವೇ ಎಂಬ ಭಯ ಸಹಜ. ಒಳ್ಳೆಯ ಇನ್ವರ್ಟರು ಹೊರಗಿನ ಲಯ ತಪ್ಪಿದೊಡನೆ, ಸೆಕೆಂಡಿನ ಐದನೆಯ ಒಂದು ಭಾಗದೊಳಗೆ ತನ್ನನ್ನು ತಾನೇ ಕಡಿದುಕೊಳ್ಳಬೇಕೆಂಬುದು ಜರ್ಮನಿಯ ನಿಯಮ. ಬೀದಿಯಲ್ಲಿ ಕರೆಂಟು ತೆಗೆದಾಗಲೂ ಇದೇ ರಕ್ಷಣೆ ಕೆಲಸ ಮಾಡುತ್ತದೆ. ಆದುದರಿಂದ ಪ್ರಮಾಣೀಕೃತ ಉಪಕರಣದ ಮಟ್ಟಿಗೆ ಮಗನ ಮಾತು ಸುಳ್ಳಲ್ಲ.

ಆದರೆ ಆ ರಕ್ಷಣೆ ಪೆಟ್ಟಿಗೆಯೊಳಗೆ ಇದೆಯೇ ಇಲ್ಲವೇ ಎಂಬುದು ಕಣ್ಣಿಗೆ ಕಾಣುವುದಿಲ್ಲ. 2023ರಲ್ಲಿ ಜರ್ಮನಿಯಲ್ಲಿಯೇ, ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿದ್ದ ಒಂದು ತಯಾರಿಕೆಯ ಇನ್ವರ್ಟರುಗಳಲ್ಲಿ ಇರಬೇಕಾಗಿದ್ದ ರಿಲೇ ಎಂಬ ಕಡಿತದ ಭಾಗವೇ ಇಲ್ಲವೆಂಬುದು ಬೆಳಕಿಗೆ ಬಂದಿತು. ಬಳಿಕ ತಯಾರಕರು ಹೊರಗಿನಿಂದ ಜೋಡಿಸುವ ರಿಲೇ ಪೆಟ್ಟಿಗೆಯನ್ನು ಒದಗಿಸಬೇಕಾಯಿತು. ತಪಾಸಣೆ ಇಷ್ಟು ಬಿಗಿಯಾಗಿರುವ ದೇಶದಲ್ಲಿಯೇ ಹೀಗಾದರೆ, ಹೆಸರಿಲ್ಲದ ಅಗ್ಗದ ಉಪಕರಣವನ್ನು ತರಿಸಿಕೊಳ್ಳುವವರು ಎಷ್ಟು ಎಚ್ಚರದಿಂದಿರಬೇಕು!

ಕಂಬದ ಮೇಲಿರುವವನ ಜೀವದ ಪ್ರಶ್ನೆ ಬರುವುದು ಇಲ್ಲಿಯೇ. ಇಡೀ ಬೀದಿಯ ಹೊರೆಯನ್ನು 800 ವ್ಯಾಟಿನ ಸಣ್ಣ ಪೆಟ್ಟಿಗೆ ಹೊರಲಾರದು ನಿಜ. ಆದರೆ ಮಳೆಗಾಳಿಗೆ ತಂತಿ ಕಡಿದು, ಆ ತುಂಡಿನಲ್ಲಿ ಒಂದೇ ಮನೆ ಉಳಿದಿದ್ದರೆ, ರಕ್ಷಣೆಯಿಲ್ಲದ ಉಪಕರಣ ಆ ತಂತಿಯನ್ನು ಜೀವಂತವಾಗಿಡಬಲ್ಲದು. ಕೆಲಸಕ್ಕೆ ಮುನ್ನ ತಂತಿಯನ್ನು ಪರೀಕ್ಷಿಸಿ ಭೂಮಿಗೆ ಜೋಡಿಸಬೇಕೆಂಬ ನಿಯಮ ಪವರ್‌ಮ್ಯಾನ್‌ಗಳಿಗೆ ಇದೆ. ರಾತ್ರಿಯ ಮಳೆಯಲ್ಲಿ, ಬೀದಿಯವರೆಲ್ಲ ಅವಸರಪಡಿಸುತ್ತಿರುವಾಗ ಅವರಿಂದ ಒಂದು ಹೆಜ್ಜೆ ತಪ್ಪಿದರೆ, ನಮ್ಮ ಮನೆಯ ಉಳಿತಾಯ ಇನ್ನೊಂದು ಮನೆಯ ದೀಪವನ್ನು ಆರಿಸಬಾರದು.

ಎರಡನೆಯ ಅಪಾಯ ನಮ್ಮ ಗೋಡೆಯೊಳಗಿನದು. ಬೋರ್ಡಿನಲ್ಲಿರುವ ಎಂ.ಸಿ.ಬಿ. ಅಥವಾ ಫ್ಯೂಸು ಕಾಯುವುದು ಗೋಡೆಯ ತಂತಿಯನ್ನು. ತಂತಿ ತಾಳುವುದಕ್ಕಿಂತ ಹೆಚ್ಚು ವಿದ್ಯುತ್ತು ಬೋರ್ಡಿನಿಂದ ಹರಿದರೆ ಅದು ಬಿದ್ದುಹೋಗುತ್ತದೆ. ಈಗ 16 ಆಂಪಿಯರಿನ ಎಂ.ಸಿ.ಬಿ. ಇರುವ ಸರ್ಕೀಟಿನ ನಡುವಿನ ಸಾಕೆಟ್ಟಿನಲ್ಲಿ ಸೌರ ಇನ್ವರ್ಟರು ಇದೆಯೆಂದು ಇಟ್ಟುಕೊಳ್ಳೋಣ. 800 ವ್ಯಾಟ್ ಎಂದರೆ 230 ವೋಲ್ಟಿನಲ್ಲಿ ಸುಮಾರು ಮೂರೂವರೆ ಆಂಪಿಯರು. ಬೋರ್ಡಿನಿಂದ 16, ಫಲಕದಿಂದ ಮೂರೂವರೆ, ಒಟ್ಟು ಹತ್ತೊಂಬತ್ತೂವರೆ ಆಂಪಿಯರು ಮುಂದಿನ ತಂತಿಯಲ್ಲಿ ಹರಿಯಬಹುದು. ಎಂ.ಸಿ.ಬಿ.ಗೆ ತಿಳಿಯುವುದು ತನ್ನ ಮೂಲಕ ಹೋದ 16 ಮಾತ್ರ. ಆದುದರಿಂದ ಅದು ಬೀಳುವುದಿಲ್ಲ. ಒಳ್ಳೆಯ ವೈರಿಂಗ್ ಈ ಸ್ವಲ್ಪ ಹೆಚ್ಚಳವನ್ನು ತಾಳುತ್ತದೆಂಬ ಲೆಕ್ಕಾಚಾರದ ಮೇಲೆಯೇ ಜರ್ಮನಿಯವರು 800ರ ಗೆರೆಯೊಳಗೆ ನಿಂತಿದ್ದಾರೆ. ನಮ್ಮ ಹಳೆಯ ಮನೆಗಳ ಸ್ಥಿತಿಯನ್ನು ನೆನೆಯಿರಿ. ಮೂವತ್ತು ನಲವತ್ತು ವರ್ಷದ ತಂತಿ, ಅದರ ಮೇಲೆ ಆಮೇಲೆ ಸೇರಿಸಿದ ಗೀಜರು, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ; ಪದೇ ಪದೇ ಹೋಗುತ್ತದೆಂದು ಫ್ಯೂಸಿಗೆ ಸುತ್ತಿದ ದಪ್ಪ ತಂತಿ! ಅಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸುವುದಾಗಲಿ, ಒಂದೇ ಸರ್ಕೀಟಿಗೆ ಎರಡು ಮೂರು ಇಂಥ ಉಪಕರಣಗಳನ್ನು ಸೇರಿಸುವುದಾಗಲಿ ಯಾವ ದೇಶದಲ್ಲಿಯೂ ತಪ್ಪೇ.

ಮೂರನೆಯದು ಅರ್ಥಿಂಗ್. ಜರ್ಮನಿಯ ಪ್ಲಗ್ಗಿನಲ್ಲಿ ಭೂಸಂಪರ್ಕದ ಪಟ್ಟಿಗಳು ಅದರ ಪಕ್ಕದಲ್ಲಿರುತ್ತವೆ. ನಮ್ಮ ಸಾಕೆಟ್ಟಿನಲ್ಲಿ ಅದಕ್ಕೆಂದು ಮೂರನೆಯ ದೊಡ್ಡ ರಂಧ್ರವಿದೆ. ಆ ಪ್ಲಗ್ಗಿನ ಎರಡು ಪಿನ್ನುಗಳು ನಮ್ಮ ಸಾಕೆಟ್ಟಿಗೆ ಸಡಿಲವಾಗಿ ಹೋಗಿ ಕೂರಬಹುದು, ಉಪಕರಣವೂ ಓಡಬಹುದು; ಅರ್ಥ್ ಮಾತ್ರ ಸೇರಿರುವುದಿಲ್ಲ. ಸಡಿಲವಾಗಿ ಕುಳಿತ ಪಿನ್ನು ಬಿಸಿಯಾಗುವುದು ಬೇರೆ. ಇನ್ನು ಎಷ್ಟೋ ಮನೆಗಳಲ್ಲಿ ಮೂರನೆಯ ರಂಧ್ರಕ್ಕೆ ಒಳಗೆ ತಂತಿಯೇ ಇರುವುದಿಲ್ಲ. ಮಳೆಯಲ್ಲಿ ನೆನೆಯುವ ಅಲ್ಯೂಮಿನಿಯಂ ಚೌಕಟ್ಟಿನ ಫಲಕಕ್ಕೆ ಅರ್ಥಿಂಗ್ ಇಲ್ಲದಿರುವುದು ಮಕ್ಕಳು ಓಡಾಡುವ ಮನೆಗೆ ತರವಲ್ಲ.

ನಾಲ್ಕನೆಯದು ನಮ್ಮ ಮನೆಗಳಲ್ಲಿ ಹೆಚ್ಚಾಗಿರುವ ತೊಡಕು. ಕರೆಂಟು ಹೋದಾಗ ಬರಲೆಂದು ಬ್ಯಾಟರಿಯ ಯು.ಪಿ.ಎಸ್. ಇಟ್ಟುಕೊಂಡವರು ನಮ್ಮಲ್ಲಿ ಬಹಳ. ಹೊರಗಿನ ಕರೆಂಟು ನಿಂತೊಡನೆ ಯು.ಪಿ.ಎಸ್. ಮನೆಯ ತಂತಿಗೆ ತನ್ನದೇ 230 ವೋಲ್ಟನ್ನು ಕೊಡುತ್ತದೆ. ಅದೇ ತಂತಿಯಲ್ಲಿ ಸೌರ ಇನ್ವರ್ಟರು ಇದ್ದರೆ ಅದು ‘ಕರೆಂಟು ಬಂದಿತು’ ಎಂದು ಭ್ರಮಿಸಿ ಮತ್ತೆ ವಿದ್ಯುತ್ತನ್ನು ತಳ್ಳತೊಡಗಬಹುದು. ಮನೆಯಲ್ಲಿ ಬಳಕೆ ಕಡಿಮೆಯಿದ್ದರೆ ಅದು ಯು.ಪಿ.ಎಸ್.ಗೇ ಹಿಂದಕ್ಕೆ ನುಗ್ಗುತ್ತದೆ. ಹಿಮ್ಮುಖ ವಿದ್ಯುತ್ತನ್ನು ತಾಳುವಂತೆ ಸಾಮಾನ್ಯ ಯು.ಪಿ.ಎಸ್. ಅನ್ನು ಮಾಡಿರುವುದಿಲ್ಲ, ಅದು ಸುಟ್ಟುಹೋಗಬಹುದು, ಬ್ಯಾಟರಿ ಅತಿಯಾಗಿ ಚಾರ್ಜಾಗಿ ಅಪಾಯವೂ ಆಗಬಹುದು. ಜನರೇಟರ್ ಇರುವ ಅಪಾರ್ಟ್‌ಮೆಂಟುಗಳಿಗೂ ಈ ಮಾತು ಅನ್ವಯಿಸುತ್ತದೆ. ಜರ್ಮನಿಯ ಮನೆಗಳಲ್ಲಿ ಯು.ಪಿ.ಎಸ್. ಅಪರೂಪ; ಆದುದರಿಂದ ಅಲ್ಲಿಂದ ಬಂದ ಮಗನಿಗೆ ಇದು ಹೊಳೆಯದಿದ್ದರೆ ಆಶ್ಚರ್ಯವಿಲ್ಲ.

ಐದನೆಯದಾಗಿ ಕಟ್ಟುವ ಬಗೆ. ಒಂದು ಫಲಕದ ತೂಕ ಇಪ್ಪತ್ತು ಕಿಲೋಗ್ರಾಮಿನ ಸುತ್ತಮುತ್ತ. ಮುಂಗಾರಿನ ಗಾಳಿ ಅದನ್ನು ಹಾಯಿಯಂತೆ ಎಳೆಯುತ್ತದೆ. ಮೂರನೆಯ ಮಹಡಿಯಿಂದ ಕೆಳಗೆ ಆಡುವ ಮಗುವಿನ ಮೇಲೆ ಅದು ಬೀಳುವುದನ್ನು ಊಹಿಸಲೂ ಬೇಡ. ಹಗ್ಗ, ಬೈಂಡಿಂಗ್ ತಂತಿಗಳ ಕಟ್ಟು ಇದಕ್ಕೆ ಸಲ್ಲದು.

ನಮ್ಮಲ್ಲಿಯ ಕಾನೂನು ಮತ್ತು ಮೀಟರು

ನಮ್ಮ ದೇಶದಲ್ಲಿ ಮನೆಯ ವಿದ್ಯುದುತ್ಪಾದನೆಯನ್ನು ಬೀದಿಯ ಜಾಲಕ್ಕೆ ಸೇರಿಸುವುದಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರವು 2013ರಲ್ಲಿ ತಾಂತ್ರಿಕ ನಿಯಮಗಳನ್ನು ಮಾಡಿ, 2019ರಲ್ಲಿ ತಿದ್ದುಪಡಿ ತಂದಿದೆ. ಜೋಡಣೆ ಬಯಸುವವನು ವಿದ್ಯುತ್ ಸರಬರಾಜು ಕಂಪನಿಗೆ ಅರ್ಜಿ ಸಲ್ಲಿಸಬೇಕು. ಹೊರಗೆ ಕರೆಂಟು ನಿಂತಾಗ ಉಪಕರಣ ತಾನೂ ನಿಲ್ಲಬೇಕು. ಕಂಪನಿಯ ಸಿಬ್ಬಂದಿ ದಿನದ ಇಪ್ಪತ್ನಾಲ್ಕು ಗಂಟೆಯೂ ಮನೆಯವರ ಅಪ್ಪಣೆಗೆ ಕಾಯದೆ ಕೈಹಾಕಿ ಕಡಿದು, ಬೀಗ ಹಾಕಬಹುದಾದ ಸ್ವಿಚ್ಚು ಇರಬೇಕೆಂದು 2013ರ ನಿಯಮ ಹೇಳುತ್ತದೆ. ಈ ಒಂದು ಸ್ವಿಚ್ಚಿನಲ್ಲಿ ಕಂಬ ಹತ್ತುವವನ ಜೀವದ ಕಾಳಜಿ ಅಡಗಿದೆ. ಅಡುಗೆಮನೆಯ ಸಾಕೆಟ್ಟಿಗೆ ಸದ್ದಿಲ್ಲದೆ ಸಿಕ್ಕಿಸಿದ ಪ್ಲಗ್ಗಿಗೆ ಅಂಥ ಸ್ವಿಚ್ಚೂ ಇಲ್ಲ, ಅಂಥ ಮನೆಯೊಂದು ಇದೆಯೆಂಬ ಅರಿವೂ ಕಂಪನಿಗೆ ಇರುವುದಿಲ್ಲ. ಜರ್ಮನಿಯಂತೆ ‘ಪ್ಲಗ್ಗಿನ ಉಪಕರಣಕ್ಕೆ ಅನುಮತಿ ಬೇಡ’ ಎಂಬ ವಿನಾಯಿತಿ ಈ ನಿಯಮಗಳಲ್ಲಿಲ್ಲ. ಆದುದರಿಂದ ಹೇಳದೆ ಕೇಳದೆ ಸಿಕ್ಕಿಸುವುದು ನಿಯಮಬಾಹಿರವೇ ಸರಿ.

ಲಾಭದ ಲೆಕ್ಕವೂ ನಾವೆಣಿಸಿದಂತಿಲ್ಲ. ಕಳ್ಳತನವನ್ನು ತಡೆಯಲೆಂದು ನಮ್ಮಲ್ಲಿಯ ಅನೇಕ ಸಾಮಾನ್ಯ ಮೀಟರುಗಳು ವಿದ್ಯುತ್ತು ಯಾವ ದಿಕ್ಕಿಗೆ ಹರಿದರೂ ಬಳಕೆಯೆಂದೇ ಎಣಿಸುತ್ತವೆ. ಮಧ್ಯಾಹ್ನ ಮನೆಯವರೆಲ್ಲ ಹೊರಗೆ ಹೋಗಿರುವಾಗ ಬೀದಿಗೆ ಹರಿದ ಸೌರವಿದ್ಯುತ್ತಿಗೆ ನಾವೇ ಹಣ ತೆರಬೇಕಾಗುತ್ತದೆ! ಮೇಲಾಗಿ ಜರ್ಮನಿಯಲ್ಲಿ ಯುನಿಟ್ಟಿನ ಬೆಲೆ ಸುಮಾರು 35ರಿಂದ 40 ಸೆಂಟ್ ಆದುದರಿಂದ ಅಲ್ಲಿ ಸಣ್ಣ ಉತ್ಪಾದನೆಯೂ ಗಿಟ್ಟುತ್ತದೆ. ನಮ್ಮಲ್ಲಿ 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಿಂದ ಬಿಲ್ಲು ಸೊನ್ನೆಯಾಗಿರುವ ಮನೆಗೆ ಇದರಿಂದ ಉಳಿಯುವುದೇನು?

ಹಾಗಾದರೆ ಮಾಡಬೇಕಾದುದೇನು?

ಬಿಸಿಲನ್ನು ಬಿಟ್ಟುಬಿಡಿ ಎಂದು ನಾವು ಹೇಳುತ್ತಿಲ್ಲ. ಜರ್ಮನಿಗಿಂತ ಧಾರಾಳವಾದ ಬಿಸಿಲು ನಮ್ಮದು. ಅದನ್ನು ಮನೆಗೆ ತರಲು ಎರಡು ನೇರ ದಾರಿಗಳಿವೆ.

ಸ್ವಂತ ಮಾಳಿಗೆ ಇರುವವರು ವಿದ್ಯುತ್ ಕಂಪನಿಯ ಮೂಲಕವೇ ಹೋಗುವುದು ಲೇಸು. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟಿನವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಒಟ್ಟಾರೆ ಗರಿಷ್ಠ 78,000 ರೂಪಾಯಿ ಸಹಾಯಧನವನ್ನು ಗೊತ್ತುಮಾಡಲಾಗಿದೆ. ಅದೇ ವರ್ಷ ತಿದ್ದಿದ ಗ್ರಾಹಕರ ಹಕ್ಕುಗಳ ನಿಯಮದಂತೆ, ಹತ್ತು ಕಿಲೋವ್ಯಾಟಿನವರೆಗಿನ ಮನೆಯ ಅರ್ಜಿಗಳಿಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಬೇಕಿಲ್ಲ. ಒಂದು ಕಿಲೋವ್ಯಾಟಿಗೆ ನೆರಳಿಲ್ಲದ ಸುಮಾರು ನೂರು ಚದರ ಅಡಿ ಮಾಳಿಗೆ ಬೇಕು. ಅದು ದಿನಕ್ಕೆ ಸರಾಸರಿ ನಾಲ್ಕು ಯುನಿಟ್ಟಿನಷ್ಟು ಕೊಡುತ್ತದೆ. ಹೋಗುವುದನ್ನೂ ಬರುವುದನ್ನೂ ಬೇರೆ ಬೇರೆಯಾಗಿ ಎಣಿಸುವ ಮೀಟರನ್ನು ಹಾಕುತ್ತಾರೆ. ಉಳಿದ ವಿದ್ಯುತ್ತು ನಮ್ಮ ಲೆಕ್ಕಕ್ಕೆ ಜಮೆಯಾಗುತ್ತದೆ.

ಬಾಡಿಗೆ ಮನೆಯವರೂ, ಕರೆಂಟು ಹೋದಾಗ ಬೆಳಕು ಬೇಕೆನ್ನುವವರೂ ಎರಡನೆಯ ದಾರಿಯನ್ನು ಹಿಡಿಯಬಹುದು. ಒಂದು ಫಲಕ, ಚಾರ್ಜ್ ಕಂಟ್ರೋಲರು, ಬ್ಯಾಟರಿ, ಅದಕ್ಕೇ ಮೀಸಲಾದ ನಾಲ್ಕು ದೀಪ, ಒಂದು ಫ್ಯಾನು. ಇದರ ತಂತಿ ಮನೆಯ ವೈರಿಂಗನ್ನು ಎಲ್ಲಿಯೂ ಮುಟ್ಟಬಾರದು. ಜಾಲವನ್ನು ಮುಟ್ಟದ ಮೇಲೆ ಜಾಲಕ್ಕೆ ಸೇರಿಸುವ ಅನುಮತಿಯ ಪ್ರಶ್ನೆ ಏಳುವುದಿಲ್ಲ. ಕಂಬದ ಮೇಲಿರುವವನಿಗೂ ಅದರಿಂದ ಭಯವಿಲ್ಲ. ಇದು ನಮಗೆ ಹೊಸದೂ ಅಲ್ಲ. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆ ಇಂಥ ದೀಪಗಳನ್ನೇ ನಮ್ಮ ಹಳ್ಳಿಗಳ ಮನೆಗಳಿಗೆ ಮುಟ್ಟಿಸಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದುದು ಈ ಕೆಲಸಕ್ಕಾಗಿಯೇ.

ಜರ್ಮನಿಯಲ್ಲಿರುವ ನಮ್ಮ ಮಕ್ಕಳಿಗೂ ಒಂದು ಮಾತು. ನೀವು ಅಲ್ಲಿ ಸಿಕ್ಕಿಸುವುದು ಸಮ್ಮತವೇ. ಆದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ತಿಂಗಳೊಳಗೆ ನೋಂದಾಯಿಸಿರಿ, ಇನ್ವರ್ಟರಿನ ಪ್ರಮಾಣಪತ್ರವನ್ನು ಕೇಳಿ ಪಡೆದು ಇಟ್ಟುಕೊಳ್ಳಿರಿ, ಗೋಡೆಯ ಸಾಕೆಟ್ಟಿಗೇ ನೇರವಾಗಿ ಜೋಡಿಸಿರಿ, ಕಟ್ಟಡ ಹಳೆಯದಾಗಿದ್ದರೆ ಎಲೆಕ್ಟ್ರಿಷಿಯನ್ನರಿಂದ ತಂತಿಯನ್ನು ಒಮ್ಮೆ ನೋಡಿಸಿರಿ.

ದಾವಣಗೆರೆಯ ಹಿರಿಯರಿಗೆ ನಮ್ಮ ಉತ್ತರವನ್ನು ಬರೆದು ಕಳುಹಿಸಿದೆವು. ನಿಮ್ಮ ಮಗ ಹೇಳಿದ ಉಪಕರಣ ಒಳ್ಳೆಯದೇ ಇರಬಹುದು. ಅದು ಒಳ್ಳೆಯದಾಗಿ ನಡೆಯಲು ಬೇಕಾದ ಏರ್ಪಾಡು ನಿಮ್ಮ ಮನೆಯಲ್ಲಿಲ್ಲ. ಆದುದರಿಂದ ಈ ಬಾರಿ ಬೇಡ. ಇನ್ವರ್ಟರಿನ ಹಣವನ್ನು ಮೊದಲು ಮನೆಯ ಹಳೆಯ ವೈರಿಂಗಿಗೂ ಅರ್ಥಿಂಗಿಗೂ ಹಾಕಿಸಿ, ಬಳಿಕ ಬೆಸ್ಕಾಂ ಕಛೇರಿಗೆ ತಂದೆಮಕ್ಕಳು ಕೂಡಿ ಹೋಗಿ ಅರ್ಜಿ ಕೊಡಿರಿ ಎಂದೆವು. ವಾರದೊಳಗೆ ಅವರ ಮರುಪತ್ರ ಬಂದಿತು. ಮಗ ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಯು.ಪಿ.ಎಸ್. ಇರುವುದು ಮರೆತೇ ಹೋಗಿತ್ತು ಅಪ್ಪಾಜಿ” ಎಂದನಂತೆ. ಅರ್ಥಿಂಗ್ ಪರೀಕ್ಷೆ ಮಾಡಿಸಿದಾಗ ಆ ಮನೆಯ ನಾಲ್ಕು ಸಾಕೆಟ್ಟುಗಳಲ್ಲಿ ಮೂರನೆಯ ರಂಧ್ರ ಬರಿದಾಗಿತ್ತಂತೆ.

ಓದುಗರೇ, ಸೌರ ಫಲಕದ ಯೋಚನೆ ಇರಲಿ ಬಿಡಲಿ, ನಿಮ್ಮ ಮನೆಯ ಆ ಮೂರನೆಯ ರಂಧ್ರದಲ್ಲಿ ತಂತಿ ಇದೆಯೇ ಎಂಬುದನ್ನು ತಿಳಿದ ಎಲೆಕ್ಟ್ರಿಷಿಯನ್ನರಿಂದ ಈ ತಿಂಗಳೇ ನೋಡಿಸಿರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.